ಅಲ್ಲಿ ಎರಡು ದಿನ, ಇಲ್ಲಿ ಎರಡು ದಿನ

ಕಾಳಗಿಯ ಕ್ರಾಸಿನಲ್ಲಿ ಒಂದೇ ಕಂಬಕ್ಕೆ ಎರಡು ರಿಸಾರ್ಟುಗಳ ಬೋರ್ಡುಗಳಿವೆ. ಒಂದರ ಬಾಣ ಚಿಂಚೋಳಿ ಕಡೆ ತೋರಿಸುತ್ತದೆ, ಅದರಲ್ಲಿ ಎತ್ತಿನ ಬಂಡಿಯ ಚಿತ್ರ. ಇನ್ನೊಂದರ ಬಾಣ ಶಹಾಬಾದ್ ಕಡೆ, ಅದರಲ್ಲಿ ಹಲ್ಲು ಕಿರಿದ ಡೈನೋಸಾರ್. ಬಸ್ಸಿಗೆ ಕಾಯುವ ಜನ ಎರಡನ್ನೂ ಓದಿ, ಎರಡೂ ಕಡೆ ಹೋಗದೆ, ತಮ್ಮ ಸಂತೆ ಮುಗಿಸಿಕೊಂಡು ಊರಿಗೆ ಹೋಗುತ್ತಾರೆ. ಅವರು ಪುಣ್ಯವಂತರು. ನನಗೆ ಆ ಸ್ವಾತಂತ್ರ್ಯ ಇರಲಿಲ್ಲ, ಏಕೆಂದರೆ ಬಂಡಿಯ ರಿಸಾರ್ಟು ನನ್ನ ಚಿಕ್ಕಪ್ಪನ ಮಗನದು, ಡೈನೋಸಾರಿನ ರಿಸಾರ್ಟು ನನ್ನ ಹೆಂಡತಿಯ ತಮ್ಮನದು.

ಇಬ್ಬರೂ ಮೊದಲು ಜೀವದ ಗೆಳೆಯರು. ನನ್ನ ಮದುವೆಯಲ್ಲಿ ಪರಿಚಯವಾಗಿ, ಚಿತ್ತಾಪುರದ ನಮ್ಮ ಮನೆಯ ಪಡಸಾಲೆಯಲ್ಲೇ ಕುಳಿತು, ನನ್ನ ಶಾಲೆಯಿಂದ ನಾನೇ ತಂದುಕೊಟ್ಟ ಡ್ರಾಯಿಂಗ್ ಹಾಳೆಯ ಮೇಲೆ ಕೂಡಿ ಒಂದು ಪಾರ್ಕಿನ ನಕಾಶೆ ಬರೆದಿದ್ದರು. ಗೇಟು, ಕ್ಯಾಂಟೀನು, ಗಾಡಿ ನಿಲ್ಲಿಸುವ ಜಾಗ ಎಲ್ಲದರಲ್ಲೂ ಒಮ್ಮತವಿತ್ತು. ಗೇಟಿನ ಎದುರಿಗೆ ಏನು ನಿಲ್ಲಿಸಬೇಕು ಎಂಬಲ್ಲಿ ತಕರಾರು ಬಂತು. ಒಬ್ಬನಿಗೆ ಎತ್ತಿನ ಬಂಡಿಯೇ ಬೇಕು, ಇನ್ನೊಬ್ಬನಿಗೆ ಡೈನೋಸಾರೇ ಬೇಕು. ಮೂರು ದಿನ ವಾದ ಮಾಡಿ, ಹಾಳೆಯನ್ನು ನಡುವೆ ಹರಿದುಕೊಂಡು ಎದ್ದುಹೋದರು. ಅಂದಿನಿಂದ ನಮ್ಮ ಮನೆಗೆ ಒಬ್ಬ ಬಂದ ದಿನ ಇನ್ನೊಬ್ಬ ಬರುವುದಿಲ್ಲ. ಒಬ್ಬನಿಗೆ ಎರಡು ಕಪ್ ಚಹಾ ಕೊಟ್ಟರೆ ಆ ಸುದ್ದಿ ಹೇಗೋ ಇನ್ನೊಬ್ಬನಿಗೆ ಮುಟ್ಟುತ್ತದೆ.

ಕಳೆದ ದಸರಾ ರಜೆಯಲ್ಲಿ, ಬನ್ನಿ ಹಂಚಿ ಮುಗಿದ ಮೇಲೆ, ಇಬ್ಬರೂ ಒಂದೇ ವಾರದಲ್ಲಿ ಕರೆದರು. ನನಗೆ ಮೇಷ್ಟರ ನೌಕರಿ, ರಜೆಗೆ ಬರವಿಲ್ಲ. ಹೆಂಡತಿ ವಾಡಿಯ ಒಂದು ಆಫೀಸಿನಲ್ಲಿ ಗುಮಾಸ್ತೆ. ಬೆಳಗಿನ ಜಾವ ಎದ್ದು, ನಾವೆಲ್ಲ ಎರಡು ಹೊತ್ತು ತಿನ್ನುವಷ್ಟು ರೊಟ್ಟಿ ಬಡಿದಿಟ್ಟು, ರೈಲು ಹಿಡಿಯಲು ಓಡುವವಳು. ಸಂಜೆ ಬಂದು ಮತ್ತೆ ಹೆಂಚು ಇಡುತ್ತಾಳೆ, ಏಕೆಂದರೆ ನಮ್ಮ ಅವ್ವನಿಗೆ ಬೆಳಗಿನ ರೊಟ್ಟಿ ರಾತ್ರಿ ಸೇರುವುದಿಲ್ಲ. ನನಗೂ ಸೇರುವುದಿಲ್ಲ, ಆದರೆ ನಾನು ಅವ್ವನ ಹೆಸರು ಹೇಳುತ್ತೇನೆ. ಎಲ್ಲರ ಊಟವಾದ ಮೇಲೆ ಹೆಂಡತಿ ಉಳಿದ ರೊಟ್ಟಿಗಳನ್ನು ತಟ್ಟೆಗೆ ಹಾಕಿಕೊಂಡು ಕೂರುತ್ತಾಳೆ. ಅಷ್ಟು ಹೊತ್ತಿಗೆ ಅವು ಆರಿ ಬಿರುಸಾಗಿರುತ್ತವೆ.

ಅವಳು ಆ ಸಲ ನಾಲ್ಕು ದಿನ ರಜೆ ಹಾಕಿದಳು. ಮದುವೆಯಾದ ಹದಿಮೂರು ವರ್ಷದಲ್ಲಿ ಹೆರಿಗೆಗೆ, ಜ್ವರಕ್ಕೆ, ಸಾವಿಗೆ, ಮದುವೆಗೆ ರಜೆ ಹಾಕಿದ್ದಾಳೆಯೇ ಹೊರತು ತನಗೋಸ್ಕರ ಹಾಕಿದ್ದು ಅದೇ ಮೊದಲು. "ಎಲ್ಲಿಗಿ ಹೋಗೋಣ, ಬಂಡಿಗೋ ಡೈನೋಸಾರಿಗೋ?" ಎಂದು ಕೇಳಿದೆ.

"ನನಗ ಬಂಡಿನೂ ಬ್ಯಾಡ, ಡೈನೋಸಾರೂ ಬ್ಯಾಡ್ರಿ" ಎಂದಳು. "ಎಲ್ಲೇ ಹೋದ್ರೂ ನಾ ಒಲಿ ಮುಂದ ಹೋಗಂಗಿಲ್ಲ. ನಾ ಕುಂತಿರ್ಬೇಕು, ಯಾರರೆ ಬಿಸಿ ರೊಟ್ಟಿ ತಂದು ನನ್ನ ತಾಟಿಗಿ ಹಾಕ್ಬೇಕು. ನಾಕು ದಿನ. ಅಷ್ಟು ಮಾಡ್ರಿ ಸಾಕು."

"ಅದೇನು ದೊಡ್ಡ ಮಾತು?" ಎಂದೆ. ನಿಜಕ್ಕೂ ಹಾಗೆಯೇ ಅನ್ನಿಸಿತ್ತು.

ಅವ್ವ ತೀರ್ಪು ಕೊಟ್ಟಳು. "ಎರಡ್ ದಿನ ಅಲ್ಲಿ, ಎರಡ್ ದಿನ ಇಲ್ಲಿ. ಒಂದ್ ಹೊತ್ತು ಹೆಚ್ಚುಕಡಿಮಿ ಆದ್ರೂ ಮಾತು ಬರ್ತದ. ನಮ್ಮವರು ಬ್ಯಾರೆ, ಬೀಗರು ಬ್ಯಾರೆ ಅನ್ನೋ ಮಾತು ನಮ್ಮ ಮನಿಗಿ ಬರಬಾರದು." ನಮ್ಮಲ್ಲಿ ಈ ಬರಾಬರಿ ಎನ್ನುವುದು ಸಂವಿಧಾನಕ್ಕಿಂತ ಮೇಲಿನದು. ಮದುವೆಯಲ್ಲಿ ಅತ್ತ ಕಡೆಯ ಅತ್ತೆಗೆ ಉಡಿಸಿದ ಸೀರೆಯ ಅಂಚು ಇತ್ತ ಕಡೆಯ ಅತ್ತೆಯ ಸೀರೆಗಿಂತ ಅರ್ಧ ಬೆರಳು ಅಗಲವಾಗಿದ್ದಕ್ಕೆ ಊಟ ಬಿಟ್ಟು ಎದ್ದವರನ್ನು ನಾನೇ ನೋಡಿದ್ದೇನೆ. ಆದ್ದರಿಂದ ಎರಡು ಮತ್ತು ಎರಡು ಎಂದು ತೀರ್ಮಾನವಾಯಿತು. ಮನೆಯಲ್ಲೇ ಉಳಿಯುವ ಅವ್ವನಿಗೆ ನಾಲ್ಕು ದಿನಕ್ಕಾಗುವಷ್ಟು ಖಡಕ್ ರೊಟ್ಟಿಯನ್ನು ಹೆಂಡತಿ ಭಾನುವಾರ ಇಡೀ ಕುಳಿತು ಮಾಡಿಟ್ಟಳು. ರೊಟ್ಟಿಯಿಂದ ರಜೆ ಪಡೆಯಲು ರಜೆಯಷ್ಟೂ ರೊಟ್ಟಿಯನ್ನು ಮುಂಗಡವಾಗಿ ಮಾಡಬೇಕಾಯಿತು ಎಂಬುದು ನನಗೆ ಆಗ ಹೊಳೆಯಲಿಲ್ಲ. ನಾನು ಈಜುವ ಚಡ್ಡಿ ಹುಡುಕುತ್ತಿದ್ದೆ.

ಚಿಕ್ಕಪ್ಪನ ಮಗನ ರಿಸಾರ್ಟು ನಮ್ಮ ಸ್ವಂತ ಊರಾದ ಚಿಮ್ಮನಚೋಡದಿಂದ ಸ್ವಲ್ಪ ಮುಂದೆ ಇದೆ. ಅದರ ವಿಷಯ 'ಹಳ್ಳಿ'. ಅಂದರೆ ಹಳ್ಳಿಯ ನಡುವೆ ಬೇಲಿ ಹಾಕಿ, ಬೇಲಿಯ ಒಳಗೊಂದು ಹಳ್ಳಿ ಮಾಡಿ, ಅದಕ್ಕೆ ಟಿಕೇಟು ಇಟ್ಟಿದ್ದಾನೆ. ಗೇಟಿನಲ್ಲಿ ರುಮಾಲು ಸುತ್ತಿದ ಇಬ್ಬರು "ಬರ್ರಿ ಯಪ್ಪಾ, ಕುಂದ್ರಿ ಯಪ್ಪಾ" ಎಂದು ಕೈಮುಗಿದರು. ಇಬ್ಬರೂ ಚಿಮ್ಮನಚೋಡದವರೇ, ನನಗೆ ಗೊತ್ತಿದ್ದವರೇ. ಆದರೆ ಆ ಮಾತಿನ ಧಾಟಿ ವಿಚಿತ್ರವಾಗಿತ್ತು. ವಿಚಾರಿಸಿದರೆ, ನಮ್ಮ ಭಾಷೆಯನ್ನು ಗಿರಾಕಿಗಳ ಮುಂದೆ ಹೇಗೆ ಆಡಬೇಕೆಂದು ಕಲಿಸಲು ಮೈಸೂರು ಕಡೆಯಿಂದ ಒಬ್ಬ ತರಬೇತುದಾರನನ್ನು ಕರೆಸಿದ್ದನಂತೆ. ಒಬ್ಬ ನನ್ನ ಕಿವಿಯಲ್ಲಿ, "ಮಾಸ್ತರ್ರೇ, 'ಯಪ್ಪಾ' ಅನ್ನದಿದ್ರ ಪಗಾರ ಹಿಡೀತಾರ" ಎಂದು ಪಿಸುಗುಟ್ಟಿದ.

ಒಳಗೆ ರಬ್ಬರ್ ಗಾಲಿಯ ಬಂಡಿ, ಸಗಣಿಯ ಬಣ್ಣದ ಪೇಂಟ್ ಹೊಡೆದ ನೆಲ, 'ಇಲ್ಲಿ ನಿಂತು ಫೋಟೋ ತೆಗೆದುಕೊಳ್ಳಿ' ಎಂದು ಬರೆದ ಜೋಳದ ಚೀಲ. ಒಂದು ಮೂಲೆಯಲ್ಲಿ ನಾಲ್ಕು ಸಾಲು ತೊಗರಿ ಹಾಕಿ 'ಹೊಲದ ಅನುಭವ' ಎಂದು ಬೋರ್ಡು ನೆಟ್ಟಿದ್ದರು. ಬೇಲಿಯ ಆಚೆ ಕಣ್ಣು ಹಾಯುವವರೆಗೆ ನಿಜವಾದ ತೊಗರಿ ಹೊಲ ಇತ್ತು. ಅಲ್ಲಿಗೆ ಗಿರಾಕಿಗಳು ಹೋಗುವಂತಿಲ್ಲ, ಹಾವುಗಳಿರುತ್ತವೆ. ನನ್ನ ಹನ್ನೊಂದು ವರ್ಷದ ಮಗಳು ಬಂಡಿಯಲ್ಲಿ ಒಂದು ಸುತ್ತು ಹಾಕಿ ಇಳಿದು, "ಅಪ್ಪಾ, ಇದು ನಮ್ಮೂರೇ ಅಲ್ಲೇನು? ನಮ್ಮೂರಾಗ ಬಂಡಿ ಇದಕ್ಕಿಂತ ಜೋರ್ ಹೋಗ್ತದ" ಎಂದಳು. ಚಿಕ್ಕಪ್ಪನ ಮಗ ಅವಳ ತಲೆ ಸವರಿ, ಬೇರೆ ಗಿರಾಕಿಗಳ ಮುಂದೆ ಹಾಗೆ ಹೇಳಬಾರದು ಎಂದ.

ನಮ್ಮಿಂದ ಟಿಕೇಟು ಕೇಳಲಿಲ್ಲ, ಕೋಣೆಯ ಬಾಡಿಗೆಯ ಮಾತು ಎತ್ತಲೂ ಬಿಡಲಿಲ್ಲ. "ಅಣ್ಣಾ, ಮನಿಯವರು ನೀವು" ಎಂದ. ಹೆಮ್ಮೆಯಿಂದ ನನ್ನ ಎದೆ ಒಂದಿಷ್ಟು ಉಬ್ಬಿತು. ಹೆಂಡತಿ ಮಾತ್ರ ಕೋಣೆಗೆ ಹೋಗಿ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು, ಊಟದ ಕಟ್ಟೆಯ ಮೇಲೆ ಬಂದು ಕುಳಿತಳು. ಎಷ್ಟು ನೆಟ್ಟಗೆ ಕುಳಿತಿದ್ದಳೆಂದರೆ, ಫೋಟೋ ತೆಗೆಸಿಕೊಳ್ಳಲು ಬಂದವಳ ಹಾಗೆ ಕಾಣುತ್ತಿದ್ದಳು.

ಆಗಲೇ ಚಿಕ್ಕಪ್ಪನ ಮಗ ನನ್ನನ್ನು ಪಕ್ಕಕ್ಕೆ ಕರೆದ. "ಅಣ್ಣಾ, ರೊಟ್ಟಿ ಬಡಿಯೋ ಹೆಣ್ಮಕ್ಕಳು ಒಬ್ಬರೂ ಬಂದಿಲ್ಲ. ಎಲ್ಲಾರೂ ಸೋಯಾ ರಾಶಿಗಿ ಹೋಗ್ಯಾರ. ಹೈದರಾಬಾದಿನಿಂದ ಎರಡು ಗಾಡಿ ಮಂದಿ ಬರ್ಲಿಕತ್ತಾರ. ವೈನಿಗಿ ಜರಾ ಹೇಳು, ಒಂದೇ ತಾಸು."

ನಿಜವಾದ ಹಳ್ಳಿಯಲ್ಲಿ ಕೆಲಸ ಬಂದಿದ್ದರಿಂದ ನಕಲಿ ಹಳ್ಳಿಗೆ ಜನ ಸಿಕ್ಕಿರಲಿಲ್ಲ. ಇದರಲ್ಲಿ ನಗುವಂಥದ್ದು ಬೇಕಾದಷ್ಟಿತ್ತು, ನಾನು ನಕ್ಕೆ ಕೂಡ. ನಕ್ಕು, "ಅದರಾಗೇನದ, ಮನಿ ಕೆಲಸನೇ ಅಲ್ಲ? ಮಾಡ್ತಾಳ ಬಿಡು" ಎಂದುಬಿಟ್ಟೆ. ಹೆಂಡತಿಯನ್ನು ಕೇಳಲಿಲ್ಲ. ಹತ್ತು ಹೆಜ್ಜೆ ದೂರದಲ್ಲಿ ಕುಳಿತಿದ್ದಳು. ಕೇಳಬೇಕು ಎಂಬುದೇ ನನಗೆ ತಿಳಿಯಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಅವಳು ನನ್ನ ಮುಖ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಲೆಯ ಮುಂದೆ ಹೋಗಿ ಕುಳಿತಳು. ಆ ಒಲೆ ಅಡುಗೆಮನೆಯಲ್ಲಿ ಇರಲಿಲ್ಲ, ಗಿರಾಕಿಗಳಿಗೆ ಕಾಣಲೆಂದು ಅಂಗಳದ ನಡುವೆ ಮಾಡಿದ್ದರು. ಸುತ್ತ ಹಗ್ಗ ಕಟ್ಟಿತ್ತು. ಗಾಡಿಯ ಮಂದಿ ಇಳಿದವರೇ ಹಗ್ಗದ ಹೊರಗೆ ನಿಂತು ಮೊಬೈಲ್ ಎತ್ತಿದರು. ಒಬ್ಬ ಹೆಂಗಸು, "ಆಂಟಿ, ಥೋಡಾ ಸ್ಮೈಲ್ ಕರೋ" ಎಂದಳು. ಚಿಕ್ಕಪ್ಪನ ಮಗ ಬಗ್ಗಿ, "ವೈನಿ, ಚಷ್ಮಾ ಒಂದೀಟು ತೆಗೀರಿ, ಹಳ್ಳಿಯವ್ರ ಹಂಗ ಕಾಣಂಗಿಲ್ಲ" ಎಂದ. ಹಳ್ಳಿಯಲ್ಲಿ ಹುಟ್ಟಿ, ಹಳ್ಳಿಗೆ ಸೊಸೆಯಾಗಿ ಬಂದ ಅವಳು ಚಷ್ಮಾ ತೆಗೆದು ಪಕ್ಕಕ್ಕಿಟ್ಟು, ಕಣ್ಣು ಕಿರಿದು ಮಾಡಿ ರೊಟ್ಟಿ ಬಡಿಯತೊಡಗಿದಳು. ನಾನು ಹಗ್ಗದ ಮಂಚದ ಮೇಲೆ ಕುಳಿತು ಆ ರೊಟ್ಟಿಯನ್ನೇ ಎಣ್ಣೆಗಾಯಿ ಜೊತೆ ತಿಂದೆ. ಮೂರನೆಯದಕ್ಕೆ ಕೈ ಎತ್ತಿ ಕರೆದೂ ಇದ್ದೆ.

ಒಂದು ತಾಸು ಎಂದದ್ದು ಎರಡು ದಿನವಾಯಿತು. ರಾಶಿಯೇನು ಒಂದೇ ದಿನಕ್ಕೆ ಮುಗಿಯುವುದೇ? ಹೊರಡುವ ಹೊತ್ತಿಗೆ ಚಿಕ್ಕಪ್ಪನ ಮಗ ಅವಳಿಗೆ ಕುಪ್ಪಸದ ಬಟ್ಟೆ ಕೊಟ್ಟು ಕಾಲು ಮುಟ್ಟಿದ. "ವೈನಿ, ನಿಮ್ಮಿಂದ ನನ್ನ ಇಜ್ಜತ್ ಉಳೀತು" ಎಂದ. ಅವಳು ಚಷ್ಮಾ ಒರೆಸಿಕೊಂಡು ಗಾಡಿ ಹತ್ತಿದಳು. ದಾರಿಯಲ್ಲಿ ನಾನು, "ಇನ್ನ ಎರಡು ದಿನ ನಿನ್ನ ತಮ್ಮನ ಹತ್ರ. ಅಲ್ಲಿ ರೊಟ್ಟಿ ಅನ್ನೋದೇ ಇಲ್ಲ, ಆರಾಮ್ ಕುಂದ್ರು" ಎಂದೆ. ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ಆದರೆ ಅವಳ ಮುಖ ಸ್ವಲ್ಪ ಸಡಿಲವಾದದ್ದು ಕಂಡಿತು. ತಮ್ಮ ಎಂದರೆ ಅವಳಿಗೆ ಪ್ರಾಣ. ಸೇಡಂ ತಾಲೂಕಿನ ಮುಧೋಳದಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ.

ಭಾವಮೈದುನನ ರಿಸಾರ್ಟು ಶಹಾಬಾದಿನ ಹೊರಗೆ, ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಹಳೆಯದೊಂದು ಗಣಿಯಲ್ಲಿದೆ. ಕಲ್ಲು ಮುಗಿದ ಮೇಲೆ ಉಳಿದ ಹಳ್ಳಕ್ಕೆ ನೀಲಿ ಬಣ್ಣ ಹೊಡೆದು ನೀರು ತುಂಬಿಸಿದ್ದಾನೆ. ಮೇಲಿನಿಂದ ಕೊಳವೆಗಳು ಇಳಿಯುತ್ತವೆ, ಕೊಳವೆಯಿಂದ ಜನ ಕಿರುಚುತ್ತ ಇಳಿಯುತ್ತಾರೆ. ಕಸದ ಡಬ್ಬಿಗಳೆಲ್ಲ ಪೆಂಗ್ವಿನ್. ಒಂದು ಕೋಣೆಯಲ್ಲಿ ಥರ್ಮಾಕೋಲ್ ಉದುರಿಸಿ ಹಿಮ ಎನ್ನುತ್ತಾರೆ. ನೀರಿನ ಅಲೆ ಏಳಿಸುವ ಯಂತ್ರ ಶುರುವಾಗುವ ಮೊದಲು ಸೈರನ್ ಆಗುತ್ತದೆ. ಅದನ್ನು ಕೇಳಿ ವಾಡಿಯ ಸಿಮೆಂಟ್ ಕಾರ್ಖಾನೆಯಿಂದ ಬಂದಿದ್ದ ನಾಲ್ಕು ಜನ ಪಾಳಿ ಬದಲಾಯಿತೆಂದು ಕೈಗಡಿಯಾರ ನೋಡಿಕೊಂಡರು. ಇಲ್ಲಿನ ನಿಯಮ ಅಲ್ಲಿಯದಕ್ಕೆ ತದ್ವಿರುದ್ಧ. ಕೆಲಸದವರು ಕನ್ನಡ ಆಡುವಂತಿಲ್ಲ. ಗೇಟಿನಲ್ಲಿದ್ದವನು "ವೆಲ್‌ಕಮ್, ಎಂಜಾಯ್" ಎಂದ. ನಾನು ಪಾಯಖಾನೆ ಎಲ್ಲಿ ಎಂದು ಕೇಳಿದಾಗಲೂ "ಎಂಜಾಯ್" ಎಂದ.

ಮೊದಲ ಮಧ್ಯಾಹ್ನ ಚೆನ್ನಾಗಿಯೇ ಶುರುವಾಯಿತು. ನೂಡಲ್ಸು, ಪಿಜ್ಜಾ, ನಾನ್. ರೊಟ್ಟಿಯ ಸುಳಿವಿಲ್ಲ. ಬಿಸಿ ರೊಟ್ಟಿ ಅಲ್ಲದಿದ್ದರೂ ಬಿಸಿ ನಾನ್ ಯಾರೋ ತಂದು ಹಾಕುತ್ತಾರಲ್ಲ ಎಂದು ಹೆಂಡತಿ ಕುರ್ಚಿಯಲ್ಲಿ ಕುಳಿತಿದ್ದಳು. ಆಗ ಅವಳ ತಮ್ಮ ಬಂದ. ಕೈಯಲ್ಲಿ ಮೊಬೈಲ್, ಮೊಬೈಲಿನಲ್ಲಿ ಚಷ್ಮಾ ಇಲ್ಲದ ಅಕ್ಕ. ಹೈದರಾಬಾದಿನ ಮಂದಿ ಹಾಕಿದ ವಿಡಿಯೋ ನಮಗಿಂತ ಮೊದಲೇ ಶಹಾಬಾದ್ ಮುಟ್ಟಿತ್ತು.

"ಅಕ್ಕಾ, ಅಲ್ಲಿ ಎರಡು ದಿನ ರೊಟ್ಟಿ ಬಡದೀ" ಎಂದ. ಧ್ವನಿಯಲ್ಲಿ ನಿಜವಾದ ನೋವಿತ್ತು. "ಇಡೀ ಜಿಲ್ಲಾ ನೋಡಾಕತ್ತದ. ಅವ್ರು ನಿನ್ನ ಮಂದಿ, ನಾ ಯಾರೂ ಅಲ್ಲೇನು?"

"ಇಲ್ಲಿ ರೊಟ್ಟಿ ಯಾರು ತಿಂತಾರೋ?" ಎಂದಳು ಅವಳು.

"ನೀ ಬಡದ್ರ ತಿಂತಾರ."

ಸಂಜೆಯೊಳಗೆ ಅವನು ಶಹಾಬಾದ್ ಬಜಾರಿನಿಂದ ಹೆಂಚು, ಹಿಟ್ಟು ನಾದುವ ಪರಾತ, ಜೋಳದ ಹಿಟ್ಟು ತರಿಸಿದ. ಊಟದ ಜಾಗದ ಪಕ್ಕ ನಿಂತಿದ್ದ ಸಿಮೆಂಟಿನ ಡೈನೋಸಾರಿನ ಎರಡು ಕಾಲುಗಳ ನಡುವೆ ಗ್ಯಾಸ್ ಒಲೆ ಇಟ್ಟು, ಮೇಲೆ 'ಅಕ್ಕನ ರೊಟ್ಟಿ' ಎಂದು ಬ್ಯಾನರ್ ಕಟ್ಟಿಸಿದ. ಬ್ಯಾನರಿನಲ್ಲಿ ಅದೇ ವಿಡಿಯೋದಿಂದ ತೆಗೆದ ಅವಳ ಚಿತ್ರ. ಚಿಂಚೋಳಿ ದಾರಿಯಲ್ಲಿ ಗಿರಾಕಿ ಎಳೆದ ರೊಟ್ಟಿ ಇಲ್ಲಿಯೂ ಎಳೆಯಬೇಕು ಎಂಬುದು ಅವನ ವ್ಯಾಪಾರ. ಅಕ್ಕ ತನ್ನನ್ನು ಕಡಿಮೆ ಮಾಡಿದಳು ಎಂಬುದು ಅವನ ದುಃಖ. ಎರಡೂ ಖರೆಯೇ, ಅದಕ್ಕೇ ಅವನ ಜೊತೆ ಜಗಳ ಮಾಡುವುದು ಕಷ್ಟ.

ನಾನು ಅವ್ವನಿಗೆ ಫೋನ್ ಮಾಡಿದೆ. "ಬರಾಬರಿ ಆಗ್ಲಿ ಬಿಡೋ. ಅಲ್ಲಿ ಮಾಡಿ ಇಲ್ಲಿ ಮಾಡದಿದ್ರ ಬೀಗರು ಜೀವ ಇರೋತನ ಆಡ್ತಾರ" ಎಂದಳು. ಹೆಂಡತಿಯ ಹತ್ತಿರ ಹೋಗಿ ಆ ತೀರ್ಪನ್ನು ನಾನೇ ಓದಿ ಹೇಳಿದೆ. "ನಾಳಿ ಮಧ್ಯಾಹ್ನದ್ದೊಂದೇ ಊಟ ಅಲ್ಲೇನು? ತಾಂಡೂರಿನವರ ಒಂದು ಗಾಡಿ ಬರ್ತದಂತ. ಅದೊಂದು ಮುಗಿಸಿ ಮನಿಗಿ ಹೋಗಿಬಿಡೋಣ."

ಮನೆಗೆ ಹೋಗಿ ಏನು ಮಾಡುತ್ತಾಳೆ ಎಂದು ನನಗೆ ನಾನೇ ಕೇಳಿಕೊಳ್ಳಲಿಲ್ಲ. ಅವಳು "ಹೂಂ" ಎಂದಳು. ಅದನ್ನು ಒಪ್ಪಿಗೆ ಎಂದು ತಿಳಿದು, ಮರುದಿನ ಬೆಳಿಗ್ಗೆ ಟ್ಯೂಬಿನ ಮೇಲೆ ಮಲಗಿ ಗಣಿಯ ನೀರಿನಲ್ಲಿ ತೇಲುತ್ತಿದ್ದೆ.

ಹನ್ನೆರಡರ ಸುಮಾರಿಗೆ ಭಾವಮೈದುನ ದಡದ ಮೇಲೆ ಓಡಿಬಂದು ಕೂಗಿದ. "ಮಾಮಾ, ಅಕ್ಕ ಎಲ್ಲಿ? ತಾಂಡೂರಿನವರು ಬಂದ್ರು, ಹೆಂಚು ಕಾಯಲಿಕತ್ತದ!"

ಕೋಣೆಯಲ್ಲಿ ಇರಲಿಲ್ಲ. ಹಿಮದ ಕೋಣೆಯಲ್ಲಿ ಇರಲಿಲ್ಲ. ಮಗಳೂ ಇರಲಿಲ್ಲ. ನನಗೆ ಹೆದರಿಕೆಯಾಯಿತು, ನೀರಿನ ಜಾಗ ಅದು. ಒದ್ದೆ ಚಡ್ಡಿಯಲ್ಲೇ ಗೇಟಿನವರೆಗೆ ಓಡಿದೆ. ಗೇಟಿನ ಹೊರಗೆ, ಬಿಸಿಲಲ್ಲಿ, ತಾಂಡೂರಿನ ಗಾಡಿಯಿಂದ ಇಳಿದವರ ಸಾಲಿನ ಕೊನೆಗೆ ನನ್ನ ಹೆಂಡತಿ ನಿಂತಿದ್ದಳು. ಒಳ್ಳೆಯ ಸೀರೆ, ಚಷ್ಮಾ, ಆಫೀಸಿಗೆ ಒಯ್ಯುವ ಚೀಲ. ಪಕ್ಕದಲ್ಲಿ ಮಗಳು. ಕರೆದೆ, ತಿರುಗಿ ನೋಡಲಿಲ್ಲ. ಸಾಲು ಸರಿಯಿತು. ಕಿಟಕಿಯಲ್ಲಿ ಒಂದು ದೊಡ್ಡವರದು, ಒಂದು ಮಕ್ಕಳದು ಟಿಕೇಟು ತೆಗೆದುಕೊಂಡಳು. ಕೈಗೆ ಹಳದಿ ಕಾಗದದ ಪಟ್ಟಿ ಅಂಟಿಸಿದರು. ಗೇಟಿನವನು ಗುರುತು ಹಿಡಿದು ಏನು ಹೇಳಬೇಕೆಂದು ತಿಳಿಯದೆ, "ವೆಲ್‌ಕಮ್, ಎಂಜಾಯ್" ಎಂದ. "ಥ್ಯಾಂಕ್ಯೂ" ಎಂದು ಅವಳು ಒಳಗೆ ಬಂದಳು.

ನೇರವಾಗಿ ಊಟದ ಜಾಗಕ್ಕೆ ನಡೆದು, ಬ್ಯಾನರಿನ ಎದುರಿಗಿನ ಮೇಜಿನ ಮುಂದೆ ಕುಳಿತಳು. ತಮ್ಮ ಬಂದು, "ಅಕ್ಕಾ, ಜಲ್ದಿ ಏಳು, ಹಿಟ್ಟು ತಗದಿಟ್ಟೀನಿ" ಎಂದ. ಅವಳು ಹಳದಿ ಪಟ್ಟಿಯ ಕೈಯನ್ನು ಮೇಜಿನ ಮೇಲೆ ಇಟ್ಟಳು.

"ನಾ ಗಿರಾಕಿ ಇದ್ದೀನಪ್ಪಾ. ಎರಡು ರೊಟ್ಟಿ ಕಳಸು. ಬಿಸಿ ಇರಲಿ."

ಅವನು ನಕ್ಕ. ಅವಳು ನಗಲಿಲ್ಲ. ಅವನ ನಗು ನಿಧಾನವಾಗಿ ನಿಂತಿತು. "ಚೇಷ್ಟಿ ಮಾಡಬ್ಯಾಡಕ್ಕಾ, ಮಂದಿ ನೋಡಾಕತ್ತಾರ."

"ಮನಿಯಾಕಿ ಅಂತ ಬಂದ್ರ ಯಾರೂ ಕುಂದ್ರಸಿ ಉಣ್ಣಾಕ ಹಾಕಲಿಲ್ಲ" ಎಂದಳು. ಧ್ವನಿ ಏರಿಸಲಿಲ್ಲ. "ಅವನ ಹತ್ರಾನೂ ಹಾಕಲಿಲ್ಲ, ನಿನ್ನ ಹತ್ರಾನೂ ಹಾಕಲಿಲ್ಲ. ಅದಕ್ಕ ಟಿಕೀಟ್ ತಗದು ಬಂದೀನಿ. ಈಗ ಹಾಕ್ತೀಯೋ, ಇಲ್ಲ ಟಿಕೀಟ್ ವಾಪಸ್ ಕೊಡ್ತೀಯೋ?"

ತಮ್ಮ ನನ್ನ ಕಡೆ ನೋಡಿದ. ನಾನ್ ಮಾಡುವ ಅಡುಗೆಯವನ ಕಡೆ ನೋಡಿದ. ಜೋಳದ ಹಿಟ್ಟಿಗೆ ತಾನು ಕೈ ಹಚ್ಚಿದವನಲ್ಲ ಎಂದು ಆ ಅಡುಗೆಯವನು ಹಿಂದಿಯಲ್ಲಿ ಹೇಳಿ ದೂರ ಸರಿದ. ತಾಂಡೂರಿನ ಮಂದಿ ಮೊಬೈಲ್ ಕೈಯಲ್ಲಿ ಹಿಡಿದು ಕಾಯುತ್ತಿದ್ದರು. ಡೈನೋಸಾರಿನ ಕಾಲುಗಳ ನಡುವೆ ಹೆಂಚು ಕಾದು ಹೊಗೆ ಏಳುತ್ತಿತ್ತು, ಅದರ ಮುಂದೆ ಯಾರೂ ಇರಲಿಲ್ಲ. ನಾನು ಹೋಗಿ ಕುಳಿತೆ.

ಹುಟ್ಟಿದಾಗಿನಿಂದ ದಿನಕ್ಕೆರಡು ಹೊತ್ತು ರೊಟ್ಟಿ ತಿಂದಿದ್ದೇನೆ. ತಿಂದರೆ ಸಾಕು, ಮಾಡಲಿಕ್ಕೂ ಬರುತ್ತದೆ ಎಂದು ಎಲ್ಲೋ ಒಳಗೆ ನಂಬಿದ್ದೆ ಅಂತ ಕಾಣುತ್ತದೆ. ಮೊದಲನೆಯದು ಕೈಯಲ್ಲೇ ಹರಿಯಿತು. ಎರಡನೆಯದು ಪರಾತ ಬಿಟ್ಟು ಏಳಲಿಲ್ಲ. ಮೂರನೆಯದನ್ನು ಹೆಂಚಿಗೆ ಹಾಕುವಾಗ ಬೆರಳು ಸುಟ್ಟುಕೊಂಡೆ, ಅದು ಮಡಚಿ ಬಿತ್ತು. ತಾಂಡೂರಿನವರು ಆ ಚಡ್ಡಿಯವನನ್ನು ಮನಸಾರೆ ವಿಡಿಯೋ ಮಾಡಿಕೊಂಡರು. "ಅಂಕಲ್, ಥೋಡಾ ಸ್ಮೈಲ್" ಎಂದು ಇಲ್ಲಿಯೂ ಯಾರೋ ಅಂದರು. ಹಿಟ್ಟಿಗೆ ಬಿಸಿನೀರು ಎಷ್ಟು, ಬಡಿಯುವಾಗ ಅಂಗೈ ಹೇಗೆ ತಿರುಗಬೇಕು, ಮೇಲೆ ನೀರು ಯಾವಾಗ ಸವರಬೇಕು, ಒಂದೂ ನನಗೆ ತಿಳಿಯದು. ಹದಿಮೂರು ವರ್ಷ ಅವಳ ಬೆನ್ನ ಹಿಂದೆ ಕುಳಿತು ಪೇಪರ್ ಓದಿದ್ದೆ. ಆ ಹೊತ್ತು ನನಗೆ ಅಳು ಬಂದಂತಾಯಿತು, ಹೊಗೆಯಿಂದ ಎಂದು ಕಣ್ಣು ಒರೆಸಿಕೊಂಡೆ.

ಕೊನೆಗೆ ಒಂದು ಎದ್ದಿತು. ಒಂದು ಕಡೆ ದಪ್ಪ, ಒಂದು ಕಡೆ ಕರಿ, ಅಂಚೆಲ್ಲ ಒಡೆದಿತ್ತು. ಬೇರೆ ದಿನ ಅಂಥ ರೊಟ್ಟಿ ನನ್ನ ತಾಟಿಗೆ ಬಿದ್ದಿದ್ದರೆ ನಾನು ಮುಖ ಗಂಟು ಹಾಕುತ್ತಿದ್ದೆ. ಅದನ್ನು ಓಡಿ ತಂದು ಅವಳ ತಾಟಿಗೆ ಹಾಕಿದೆ. ಅವಳು ಮುಟ್ಟಿ ನೋಡಿ ಬೆರಳು ಹಿಂದೆಗೆದಳು. ಬಿಸಿ ಇತ್ತು. ಒಂದು ತುಂಡು ಮುರಿದು, ಪಲ್ಯ ಹಚ್ಚಿಕೊಂಡು, ನಿಧಾನವಾಗಿ ಅಗಿದಳು. ಮಗಳು, "ಹೆಂಗದವ್ವಾ?" ಎಂದು ಕೇಳಿದಳು.

"ಹಸಿ ಅದ" ಎಂದಳು, ಮತ್ತೆ ಮುರಿದಳು.

ನಾನು ಅಲ್ಲೇ ನಿಂತಿದ್ದೆ. ಅವಳು ತಲೆಯೆತ್ತಿ, ಅಭ್ಯಾಸದ ಮೇಲೆ, "ನೀವು ಉಂಡ್ರಿ?" ಎಂದು ಕೇಳಿದಳು.

"ಇಲ್ಲ" ಎಂದೆ.

ಅವಳು ಕುರ್ಚಿ ಬಿಟ್ಟು ಅರ್ಧ ಎದ್ದಳು. ಹಾಗೆ ಎದ್ದವಳು ಒಂದು ಗಳಿಗೆ ನಿಂತು, ಮತ್ತೆ ಕುಳಿತುಕೊಂಡು, ತಾಟು ಹತ್ತಿರ ಎಳೆದುಕೊಂಡಳು.

"ನಂದು ಮುಗಿದ ಮ್ಯಾಲ ಉಣ್ರಿ. ಇನ್ನೊಂದು ಹಾಕ್ಕೊಂಡು ಬರ್ರಿ ಹೋಗ್ರಿ."